ಹಳೇ ಪುಟ್ಟ ವಿಮಾನದ ಮ್ಯಾನ್ಯುಯಲ್: ಎಲ್ಲಿ ಪುಕ್ಕಟೆಯದು ಸಾಕು, ಎಲ್ಲಿ ದುಡ್ಡು ಬಿಚ್ಚಬೇಕು

ನಮ್ಮ ಚಿಕ್ಕಪ್ಪನ ಮಗ ಅಮೆರಿಕದ ಒಹಾಯೋದಲ್ಲಿದ್ದಾನೆ. ಹೋದ ವರ್ಷ ಇನ್ನಿಬ್ಬರು ಗೆಳೆಯರ ಜೊತೆ ಸೇರಿ 1966ರ ಸೆಸ್ನಾ 150 ಒಂದನ್ನು ಕೊಂಡ. ಎರಡೇ ಸೀಟು, ವಯಸ್ಸಿನಲ್ಲಿ ಅವನಿಗಿಂತ ದೊಡ್ಡದು. ಒಂದು ಬೆಳಗ್ಗೆ ವಾಟ್ಸಾಪ್‌ನಲ್ಲಿ ದಪ್ಪ ಪಿಡಿಎಫ್ ಒಂದು ಬಂದು ಬಿತ್ತು. ಕೆಳಗೆ ಒಂದು ಸಾಲು: "ಅಣ್ಣಾ, ಸರ್ವಿಸ್ ಮ್ಯಾನ್ಯುಯಲ್ ಪುಕ್ಕಟೆ ಸಿಕ್ತು. ಇಷ್ಟಿದ್ರೆ ಸಾಕಲ್ವಾ?"

ಅವನ ತಲೆನೋವು ಫ್ಲ್ಯಾಪ್, ಅಂದರೆ ರೆಕ್ಕೆಯ ಹಿಂಬದಿಯಲ್ಲಿ ಕೆಳಗೆ ಬಾಗುವ ಹಲಗೆ. ಕೆಳಗೆ ಇಳಿಯುತ್ತಿತ್ತು, ಮೇಲೆ ಏರುತ್ತಿರಲಿಲ್ಲ. 150ರಲ್ಲಿ 1965ರವರೆಗೆ ಫ್ಲ್ಯಾಪ್‌ಗೆ ಸೀಟುಗಳ ನಡುವೆ ಕೈಯಲ್ಲಿ ಎಳೆಯುವ ಲಿವರ್ ಇತ್ತು. 1966ರ ಮಾಡೆಲ್‌ನಿಂದ ಎಲೆಕ್ಟ್ರಿಕ್ ಮೋಟರ್ ಬಂತು. ಹಾಗಾಗಿ ನಾನು ಸೀದಾ ವೈರಿಂಗ್ ಚಿತ್ರದ ಪುಟಕ್ಕೆ ಹೋದೆ. ಅದು ಮಡಿಚಿಟ್ಟ ದೊಡ್ಡ ಹಾಳೆ. ಸ್ಕ್ಯಾನ್ ಮಾಡಿದ ಪುಣ್ಯಾತ್ಮ ಅದನ್ನು ಬಿಡಿಸಿರಲೇ ಇಲ್ಲ. ಎಡಗಡೆಯ ಅರ್ಧ ಮಾತ್ರ ಬಂದಿತ್ತು. ಸ್ವಿಚ್ಚಿನಿಂದ ಹೊರಟ ವೈರುಗಳು ಪುಟದ ಅಂಚಿನವರೆಗೆ ಬಂದು ಅಲ್ಲೇ ಮಾಯ.

"ಸಾಕಾಗಲ್ಲ ಕಣೋ" ಅಂತ ಬರೆದೆ. ಆಮೇಲೆ ಯಾಕೆ ಸಾಕಾಗಲ್ಲ, ಹಾಗಾದರೆ ಯಾವುದು ಸಾಕು ಅಂತ ಹೇಳುತ್ತಾ ಹೋದಾಗ ಉದ್ದವೇ ಆಯಿತು. ನಾನು ಬೆಂಗಳೂರಿನಲ್ಲಿ ವಿಮಾನ ರಿಪೇರಿಯ ಕೆಲಸದವನು. ಓದುವ ಕಾಲದಿಂದಲೂ ಪುಕ್ಕಟೆ ಪಿಡಿಎಫ್ ಕೂಡಿಡುವ ಚಟ. ಆ ಚಟದಿಂದ ಕಲಿತದ್ದು ಇಷ್ಟು: ಪುಕ್ಕಟೆ ಸಿಗುವುದೆಲ್ಲ ಕಸವಲ್ಲ. ಎಷ್ಟೋ ಕಡೆ ಪುಕ್ಕಟೆಯದೇ ಹೊಸದು, ಅದೇ ಸರಿಯಾದದ್ದು. ಕೈಕೊಡುವುದು ಜಾಸ್ತಿ ಒಂದೇ ಕಡೆ, ವಿಮಾನದ ಮೈಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ. ಆದರೆ ಎಲ್ಲರೂ ಮೊದಲು ಹುಡುಕುವುದು ಅದನ್ನೇ.

ಮೊದಲು, ಯಾವ ಪುಸ್ತಕ ಬೇಕು?

ಹುಡುಕಿದಾಗ ಮೇಲೆ ಬರುವುದು ಸಾಮಾನ್ಯವಾಗಿ ಓನರ್ಸ್ ಮ್ಯಾನ್ಯುಯಲ್. ಅದು ಹಾರಿಸುವವರಿಗೆ. ಟೈರಿನ ಗಾಳಿ, ಎಣ್ಣೆ ಎಷ್ಟು ಅನ್ನುವುದರ ಆಚೆ ರಿಪೇರಿಗೆ ಅದರಲ್ಲಿ ಏನೂ ಇಲ್ಲ. ಎರಡನೆಯದು ಪಾರ್ಟ್ಸ್ ಕ್ಯಾಟಲಾಗ್. ಬಿಡಿಬಿಡಿಯಾಗಿ ಬಿಚ್ಚಿ ತೋರಿಸಿದ ಚೆಂದದ ಚಿತ್ರಗಳು ಇರುತ್ತವೆ. ಪಾರ್ಟ್ ತರಿಸಲು ಅದು ಬೇಕೇ ಬೇಕು. ಆದರೆ ಅದನ್ನು ನೋಡಿಕೊಂಡು ಜೋಡಿಸಲು ಹೋಗಬೇಡಿ. ಯಾವ ವಾಷರ್ ಎಲ್ಲಿ ಅಂತ ಚಿತ್ರ ಹೇಳಬಹುದು, ಎಷ್ಟು ಬಿಗಿ ಅಂತ ಹೇಳುವುದಿಲ್ಲ. ಮೂರನೆಯದೇ ಸರ್ವಿಸ್ ಮ್ಯಾನ್ಯುಯಲ್. ಎಂಜಿನ್‌ಗೆ, ಪ್ರೊಪೆಲರ್‌ಗೆ, ಮ್ಯಾಗ್ನೆಟೊಗೆ (ಸ್ಪಾರ್ಕ್ ಪ್ಲಗ್‌ಗೆ ಕರೆಂಟ್ ಹುಟ್ಟಿಸುವ ಸಾಧನ), ಬ್ರೇಕಿಗೆ ಬೇರೆ ಬೇರೆ ಪುಸ್ತಕ. ಇವುಗಳ ಮೇಲೆ ಸರ್ಕಾರದ ಎಡಿಗಳು, ಅಂದರೆ ಇಂಥದ್ದನ್ನು ಮಾಡಲೇಬೇಕು ಅನ್ನುವ ಆದೇಶಗಳು.

ಈ ಸಾಲಿನಲ್ಲಿ ಯಾವುದು ಬೇಕು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಸರ್ಕಾರದ ಕಾಗದ: ಪೂರ್ತಿ ಪುಕ್ಕಟೆ, ಪೂರ್ತಿ ಹೊಸದು

ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಈ ವಿಷಯದಲ್ಲಿ ಧಾರಾಳಿ. ಅವರ ಡಿಆರ್‌ಎಸ್ ಅನ್ನುವ ತಾಣದಲ್ಲಿ ಎಡಿಗಳು, ಟೈಪ್ ಸರ್ಟಿಫಿಕೇಟ್ (ವಿಮಾನದ ಒಂದು ಮಾದರಿಗೆ ಸರ್ಕಾರ ಕೊಡುವ ಒಪ್ಪಿಗೆಪತ್ರ) ಡೇಟಾ ಶೀಟುಗಳು, ಸಲಹಾ ಸುತ್ತೋಲೆಗಳು ಎಲ್ಲವೂ ಇವೆ. ಲಾಗಿನ್ ಬೇಡ, ಕಾಸು ಬೇಡ.

ಡೇಟಾ ಶೀಟನ್ನು ಹೊಸಬರು ಗಮನಿಸುವುದೇ ಇಲ್ಲ. ಸೆಸ್ನಾ 150ರದ್ದು 3ಎ19, 172ರದ್ದು 3ಎ12, ಪೈಪರ್ ಪಿಎ-28ರದ್ದು 2ಎ13. ಮ್ಯಾನ್ಯುಯಲ್‌ಗೆ ಹೋಲಿಸಿದರೆ ತೆಳ್ಳಗಿನದು. ಆದರೆ ಯಾವ ಎಂಜಿನ್, ಯಾವ ಪ್ರೊಪೆಲರ್, ಯಾವ ಸೀರಿಯಲ್ ನಂಬರಿನಿಂದ ಯಾವ ನಂಬರಿನವರೆಗೆ ಯಾವ ಮಾಡೆಲ್, ಬಾಲದ ರಡ್ಡರ್ ಮತ್ತು ಎಲಿವೇಟರ್ ಎಷ್ಟು ಡಿಗ್ರಿ ತಿರುಗಬೇಕು ಎಲ್ಲ ಅದರಲ್ಲಿದೆ. ಕೇಬಲ್ ಬದಲಿಸಿದ ಮೇಲೆ ಕಂಟ್ರೋಲ್ ಅಳತೆ ನೋಡುವಾಗ ಮಸುಕು ಸ್ಕ್ಯಾನಿನ ಅಂಕಿಗಿಂತ ಇದನ್ನೇ ನಾನು ಮೊದಲು ತೆರೆಯುತ್ತೇನೆ.

ಎಸಿ 43.13-1ಬಿ ಅನ್ನುವ ಎಫ್‌ಎಎ ಸಲಹಾ ಸುತ್ತೋಲೆ ಇನ್ನೊಂದು ನಿಧಿ. 1998ರದ್ದು. ಬಟ್ಟೆ ಹೊದಿಕೆ, ಮರ, ತಗಡು, ತುಕ್ಕು, ಕೇಬಲ್, ಬೋಲ್ಟ್ ಸಡಿಲವಾಗದ ಹಾಗೆ ಸೇಫ್ಟಿ ವೈರ್ ಸುತ್ತುವ ರೀತಿ, ಬೋಲ್ಟಿನ ಟಾರ್ಕ್ (ಎಷ್ಟು ಬಿಗಿ) ಪಟ್ಟಿ ಎಲ್ಲವೂ ಒಂದೇ ಕಡೆ. ಜೊತೆಗೆ ಜನರಲ್, ಏರ್‌ಫ್ರೇಮ್, ಪವರ್‌ಪ್ಲಾಂಟ್ ಅಂತ ಮೂರು ದಪ್ಪ ಕೈಪಿಡಿಗಳನ್ನೂ ಎಫ್‌ಎಎ ಪುಕ್ಕಟೆ ಕೊಡುತ್ತದೆ. ನಮ್ಮಲ್ಲಿ ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರ್) ಪರೀಕ್ಷೆಗೆ ಓದಿದವರಿಗೆ ಇವು ಗೊತ್ತಿರುತ್ತವೆ. ಹಾಗೆಯೇ ಬ್ರಿಟನ್ನಿನ ವಿಮಾನಯಾನ ಇಲಾಖೆ ಸಿಎಎ ಹೊರತಂದ ಸಿಎಪಿ 562 ಅನ್ನುವ ಕೈಪಿಡಿ ಕೂಡ. ಅದಕ್ಕೆ ಹಿಂದಿನ ಹಳೇ ಸಿಎಐಪಿ ಕರಪತ್ರಗಳನ್ನು ಉರು ಹೊಡೆದವರು ನಮ್ಮಲ್ಲಿ ಕಮ್ಮಿಯೇನಿಲ್ಲ.

ಕೊರತೆ ಒಂದೇ: ಇವಕ್ಕೆ ನಿಮ್ಮ ವಿಮಾನದ ಗುರುತಿಲ್ಲ. ತಯಾರಕರು ಏನೂ ಹೇಳದ ಕಡೆ 43.13 ಕೈಹಿಡಿಯುತ್ತದೆ. ಅವರು ಹೇಳಿದ ಕಡೆ ಅವರ ಮಾತೇ ಮುಂದೆ. ಅಮೆರಿಕದ ನಿಯಮವೂ ಹಾಗೇ ಇದೆ, ರಿಪೇರಿಯ ನಿಯಮಗಳಿರುವ ಪಾರ್ಟ್ 43ರಲ್ಲಿ ತಯಾರಕರ ಈಗಿನ ಮ್ಯಾನ್ಯುಯಲ್ ಮೊದಲು ಬರುತ್ತದೆ. 'ಈಗಿನ' ಅನ್ನುವ ಪದಕ್ಕೆ ಆಮೇಲೆ ಬರುತ್ತೇನೆ.

ಎಂಜಿನ್ ಮಾಡಿದವರು: ಇಲ್ಲಿ ಹಳೇ ಸ್ಕ್ಯಾನ್ ಮುಟ್ಟಲೇಬೇಡಿ

ಲೈಕಮಿಂಗ್ ತನ್ನ ಸರ್ವಿಸ್ ಬುಲೆಟಿನ್, ಸರ್ವಿಸ್ ಇನ್‌ಸ್ಟ್ರಕ್ಷನ್, ಸರ್ವಿಸ್ ಲೆಟರ್‌ಗಳನ್ನು ತನ್ನ ತಾಣದಲ್ಲೇ ಪುಕ್ಕಟೆ ಇಟ್ಟಿದೆ. ಯಾವ ಎಣ್ಣೆ ಹಾಕಬೇಕು ಅಂದರೆ ಎಸ್‌ಐ 1014. ಎಷ್ಟು ಗಂಟೆಗೆ ಓವರ್‌ಹಾಲ್ (ಪೂರ್ತಿ ಬಿಚ್ಚಿ ಸರಿಪಡಿಸುವುದು) ಅಂದರೆ ಎಸ್‌ಐ 1009. ಕಾಂಟಿನೆಂಟಲ್‌ನವರ ಎಂ-0 ಅನ್ನುವ ದೊಡ್ಡ ಪುಸ್ತಕವೂ ಪುಕ್ಕಟೆ. ಸ್ಪಾರ್ಕ್ ಪ್ಲಗ್ ಇರುವ ಅವರ ಎಂಜಿನ್‌ಗಳಿಗೆ ಸಾಮಾನ್ಯವಾದ ಕೆಲಸದ ಕ್ರಮ ಅದರಲ್ಲಿದೆ. ಸಿಲಿಂಡರ್ ಕಂಪ್ರೆಷನ್ ಪರೀಕ್ಷೆಯ ಅಧ್ಯಾಯವೊಂದಕ್ಕೇ ಅದನ್ನು ಇಳಿಸಿಕೊಳ್ಳಬಹುದು. ರೋಟ್ಯಾಕ್ಸ್‌ನವರದೂ ಅಷ್ಟೇ, 912ರ ಮ್ಯಾನ್ಯುಯಲ್‌ಗಳು ಕಾಸಿಲ್ಲದೆ ಸಿಗುತ್ತವೆ. ನಮ್ಮ ಕಡೆಯ ಮೈಕ್ರೋಲೈಟ್‌ಗಳಿಗೆ ಇದು ಉಪಯೋಗ.

ತಯಾರಕರೇ ಹೊಸದನ್ನು ಸುಮ್ನೆ ಕೊಡುವಾಗ ಯಾರೋ ಎಲ್ಲೋ ಏರಿಸಿಟ್ಟ 1970ರ ಎಂಜಿನ್ ಪುಸ್ತಕ ಯಾಕೆ? ಆದರೂ ಜನ ಅದನ್ನೇ ಇಳಿಸಿಕೊಳ್ಳುತ್ತಾರೆ. ನಮ್ಮ ಹುಡುಗನೂ ಮಾಡಿದ್ದು ಅದನ್ನೇ, ಅದೂ ತಪ್ಪು ವಿಮಾನದ್ದು. ಸ್ಪಾರ್ಕ್ ಪ್ಲಗ್ ಟಾರ್ಕ್ 360ರಿಂದ 420 ಇಂಚು-ಪೌಂಡ್ ಅಂತ ನೋಟ್‌ಬುಕ್‌ನಲ್ಲಿ ನೀಟಾಗಿ ಬರೆದುಕೊಂಡಿದ್ದ. ನೋಡಿದರೆ ಅದು 152ರ ಪುಸ್ತಕ. 1977ರಲ್ಲಿ ಬಂದ 152ರಲ್ಲಿ ಇರುವುದು ಲೈಕಮಿಂಗ್ ಓ-235. ಅವನ 150ರಲ್ಲಿರುವುದು ಕಾಂಟಿನೆಂಟಲ್ ಓ-200, ಅದಕ್ಕೆ 300ರಿಂದ 360. ಹೊರಗಿನಿಂದ ಎರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಪ್ಲಗ್ ತೂತಿನ ಎಳೆಗೆ ಆ ವ್ಯತ್ಯಾಸ ಗೊತ್ತಾಗುತ್ತದೆ.

ಮ್ಯಾಗ್ನೆಟೊ, ಬ್ರೇಕ್, ಪ್ರೊಪೆಲರ್‌ಗೂ ಇದೇ ದಾರಿ. ಸ್ಲಿಕ್ 4300/6300 ಮ್ಯಾಗ್ನೆಟೊಗೆ ಚಾಂಪಿಯನ್‌ನವರ ಎಲ್-1363, ಕ್ಲೀವ್‌ಲ್ಯಾಂಡ್ ಚಕ್ರ-ಬ್ರೇಕ್‌ಗೆ ಅದನ್ನು ಮಾಡುವವರ ಪುಸ್ತಕ (2022ರವರೆಗೆ ಪಾರ್ಕರ್, ಆಮೇಲೆ ಕೇಮನ್), ಹಾರ್ಟ್‌ಜೆಲ್ ಪ್ರೊಪೆಲರ್‌ಗೆ ಅವರದೇ ಓನರ್ಸ್ ಮ್ಯಾನ್ಯುಯಲ್. ಪಾರ್ಟಿನ ಮೇಲಿನ ಪ್ಲೇಟ್ ಓದಿ, ಮಾಡಿದವರ ತಾಣಕ್ಕೆ ಹೋಗಿ. ವಿಮಾನದ ಹೆಸರಿನಿಂದ ಹುಡುಕಬೇಡಿ.

ಸ್ಕ್ಯಾನ್ ಮಾಡಿದ ಸರ್ವಿಸ್ ಮ್ಯಾನ್ಯುಯಲ್: ಓದಲು ಚೆನ್ನ, ಕೆಲಸಕ್ಕೆ ಅನುಮಾನ

ಈಗ ಎಲ್ಲರೂ ಹುಡುಕುವ ಜಾಗಕ್ಕೆ ಬರೋಣ. ಇಂಟರ್ನೆಟ್ ಆರ್ಕೈವ್‌ನಲ್ಲಿ, ಹವ್ಯಾಸಿಗಳ ಪುಟಗಳಲ್ಲಿ ಸೆಸ್ನಾ, ಪೈಪರ್, ಬೀಚ್‌ಗಳ ಹಳೇ ಮ್ಯಾನ್ಯುಯಲ್‌ಗಳ ಸ್ಕ್ಯಾನ್‌ಗಳು ಬೇಕಾದಷ್ಟು ಸಿಗುತ್ತವೆ. ಇವುಗಳ ತೊಂದರೆ ಮೂರು ತರಹ, ಮೂರರ ತೂಕ ಒಂದೇ ಅಲ್ಲ.

ಹಗುರದ್ದು ಸ್ಕ್ಯಾನಿನ ಗುಣಮಟ್ಟ. ಅರ್ಧ ಹಾಳೆ, ಎಣ್ಣೆ ಕಲೆ, 3 ಮತ್ತು 8 ಒಂದೇ ತರಹ. ಇದು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಮೋಸ ಕಮ್ಮಿ.

ಅದಕ್ಕಿಂತ ಭಾರ, ಪುಸ್ತಕ ನಿಮ್ಮ ವಿಮಾನದ್ದೇನಾ ಅನ್ನುವುದು. ಸೆಸ್ನಾದವರು ವರ್ಷಗಳ ಗುಂಪು ಮಾಡಿ ಪುಸ್ತಕ ತಂದರು. 100 ಸರಣಿಗೆ 1962 ಮತ್ತು ಅದಕ್ಕೆ ಹಿಂದಿನದಕ್ಕೆ ಒಂದು, 1963ರಿಂದ 1968ಕ್ಕೆ ಡಿ637-1-13. ಆಮೇಲೆ ಮಾಡೆಲ್‌ಗೊಂದು: 172ಕ್ಕೆ 1969ರಿಂದ 1976ರವರೆಗೆ ಡಿ972-4-13. ಒಂದೇ ಪುಸ್ತಕದ ಒಳಗೂ ಎಚ್ಚರ ಬೇಕು. 1963–68ರ ಪುಸ್ತಕದಲ್ಲಿ 150ರ ಕೈಲಿವರ್ ಫ್ಲ್ಯಾಪೂ ಇದೆ, ಮೋಟರ್ ಫ್ಲ್ಯಾಪೂ ಇದೆ. 172ರ ಕಥೆಯಲ್ಲಿ 1978ರಿಂದ ಕರೆಂಟ್ ವ್ಯವಸ್ಥೆಯೇ 14ರಿಂದ 28 ವೋಲ್ಟ್‌ಗೆ ಹಾರಿತು. ವರ್ಷ ನೋಡಿ ತೃಪ್ತಿಪಡಬೇಡಿ, ಸೀರಿಯಲ್ ನಂಬರ್ ನೋಡಿ. ಲಾಗ್‌ಬುಕ್‌ನಲ್ಲೂ ಇರುತ್ತದೆ, ವಿಮಾನದ ಪ್ಲೇಟಿನ ಮೇಲೂ ಇರುತ್ತದೆ.

ಎಲ್ಲಕ್ಕಿಂತ ಭಾರದ್ದು ಆ ಸ್ಕ್ಯಾನಿನಲ್ಲಿ ಇಲ್ಲದೇ ಇರುವ ಪುಟಗಳು. ಪಾರ್ಟ್ 43ರ 'ಈಗಿನ' ಅನ್ನುವ ಪದ ಕಾಡುವುದು ಇಲ್ಲೇ. ಇಲ್ಲದ್ದು ಕಣ್ಣಿಗೆ ಕಾಣುವುದಿಲ್ಲವಲ್ಲ, ಅದೇ ಕಷ್ಟ. 2011–12ರ ಸುಮಾರಿಗೆ ಸೆಸ್ನಾದವರು 100 ಸರಣಿಯ ಹಳೇ ಮ್ಯಾನ್ಯುಯಲ್‌ಗಳಿಗೆ ಹೊಸದೊಂದು ಭಾಗ ಸೇರಿಸಿದರು. ಅದರ ಹೆಸರು ಎಸ್‌ಐಡಿ. ವಯಸ್ಸಾದ ವಿಮಾನದಲ್ಲಿ ತುಕ್ಕು ಎಲ್ಲಿ ಹಿಡಿಯುತ್ತದೆ, ಬಿರುಕು ಎಲ್ಲಿ ಬಿಡುತ್ತದೆ, ಎಷ್ಟು ವರ್ಷಕ್ಕೆ ಎಷ್ಟು ಗಂಟೆಗೆ ಒಳಗೆ ಬಗ್ಗಿ ನೋಡಬೇಕು ಅನ್ನುವ ಪಟ್ಟಿ. ಹಳೇ ವಿಮಾನದವನಿಗೆ ಇಡೀ ಪುಸ್ತಕದಲ್ಲಿ ಇದಕ್ಕಿಂತ ಬೇಕಾದ ಭಾಗ ಇನ್ನೊಂದಿಲ್ಲ. ಆಸ್ಟ್ರೇಲಿಯಾದಲ್ಲಿ ಅದನ್ನು ಕಡ್ಡಾಯವನ್ನೇ ಮಾಡಿದರು. 1968ರಲ್ಲಿ ಅಚ್ಚಾದ ಪುಸ್ತಕದ ಸ್ಕ್ಯಾನಿನಲ್ಲಿ ಅದು ಹೇಗೆ ಇರುತ್ತದೆ?

ಎಡಿಗಳದೂ ಇದೇ ಕಥೆ. ಸೆಸ್ನಾದ ಸೀಟು ಹಳಿಯ ಮೇಲೆ ಜಾರುವ ತೊಂದರೆ ಹಳೆಯದು. ಟೇಕಾಫ್‌ನಲ್ಲಿ ಸೀಟು ಹಿಂದಕ್ಕೆ ಓಡಿದರೆ ಪೈಲಟ್ ಕೈಯಲ್ಲಿರುವ ಕಂಟ್ರೋಲನ್ನೂ ಎಳೆದುಕೊಂಡೇ ಹೋಗುತ್ತಾನೆ. ಅದಕ್ಕೆ 1987ರಲ್ಲಿ ಒಂದು ಎಡಿ ಬಂತು, 2011ರಲ್ಲಿ ಅದರ ಜಾಗಕ್ಕೆ 2011-10-09 ಬಂತು. ಹಳಿಯ ತೂತು ಎಷ್ಟು ಸವೆದಿದೆ ಅಂತ ಅಳೆಯುವುದು ಅದರಲ್ಲಿದೆ. ಪೈಪರ್ ಪಿಎ-28ರಲ್ಲಿ ರೆಕ್ಕೆಯ ಸ್ಪಾರ್, ಅಂದರೆ ಭಾರ ಹೊರುವ ಮುಖ್ಯ ತೊಲೆಯ ವಿಷಯ ಇನ್ನೂ ಗಂಭೀರ. 2018ರಲ್ಲಿ ಫ್ಲೋರಿಡಾದ ಡೇಟೋನಾ ಬೀಚ್‌ನಲ್ಲಿ ತರಬೇತಿ ವಿಮಾನವೊಂದರ ರೆಕ್ಕೆಯೇ ಕಳಚಿ ಇಬ್ಬರು ಸತ್ತರು. ಆಮೇಲೆ ಬಂದ ಎಡಿ 2020-26-16 ಸ್ಪಾರಿನ ಬೋಲ್ಟ್ ತೂತುಗಳಲ್ಲಿ ಎಡ್ಡಿ ಕರೆಂಟ್ ಹಾಯಿಸಿ ಬಿರುಕು ಹುಡುಕಲು ಹೇಳುತ್ತದೆ. ಹಳೇ ಸ್ಕ್ಯಾನ್‌ಗೆ ಇದೆಲ್ಲ ಎಲ್ಲಿಂದ ಗೊತ್ತಿರಬೇಕು?

ಹಾಗಂತ ಸ್ಕ್ಯಾನನ್ನು ಎಸೆಯಬೇಕಾಗಿಲ್ಲ. ವಿಮಾನ ಕೊಳ್ಳುವ ಮೊದಲು ಅದು ಹೇಗೆ ಕಟ್ಟಿದೆ ಅಂತ ತಿಳಿಯಲು, ಮೆಕ್ಯಾನಿಕ್ ಹೇಳುವ ಮಾತು ಅರ್ಥವಾಗಲು, ರಾತ್ರಿ ಮಲಗುವ ಮುಂಚೆ ಓದಲು ಅದು ಚೆನ್ನಾಗಿಯೇ ಇದೆ. ಇಳಿಸಿಕೊಂಡ ಕೂಡಲೇ ಮೊದಲ ಪುಟ ನೋಡಿ: ಪುಸ್ತಕದ ನಂಬರ್, ಕೊನೆಯ ತಿದ್ದುಪಡಿ ಯಾವಾಗ. ಎರಡನೇ ಪುಟದಲ್ಲಿ ಸಾಮಾನ್ಯವಾಗಿ ಚಾಲ್ತಿಯಲ್ಲಿರುವ ಪುಟಗಳ ಪಟ್ಟಿ ಇರುತ್ತದೆ. ಆ ಪಟ್ಟಿಯೇ ಇಲ್ಲದ ಸ್ಕ್ಯಾನ್ ಆದರೆ, ಓದಿ ಖುಷಿಪಡಿ, ಸ್ಪ್ಯಾನರ್ ಕೈಗೆತ್ತಿಕೊಳ್ಳಬೇಡಿ.

ಇನ್ನು ಕಾನೂನು. ಅಮೆರಿಕದ ಸರ್ಕಾರ ಬರೆದದ್ದಕ್ಕೆ ಅಲ್ಲಿ ಕಾಪಿರೈಟ್ ಇಲ್ಲ. ಕಂಪನಿ ಬರೆದ 1970ರ ದಶಕದ ಮ್ಯಾನ್ಯುಯಲ್‌ಗೆ ಇರುವ ಸಾಧ್ಯತೆಯೇ ಜಾಸ್ತಿ. ಯಾರೋ ಏರಿಸಿದ್ದಾರೆ ಅಂದ ಮಾತ್ರಕ್ಕೆ ಅದು ಸಾರ್ವಜನಿಕರ ಸೊತ್ತಾಗುವುದಿಲ್ಲ.

ಮಿಲಿಟರಿ ಪುಸ್ತಕ ಅನ್ನುವ ಹಿಂಬಾಗಿಲು

ಇದು ನನಗೆ ತುಂಬಾ ಇಷ್ಟದ ದಾರಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಪೈಪರ್ ಜೆ-3 ಕಬ್ ಅನ್ನು ಎಲ್-4 ಅಂತ ಕರೆದು ಬಳಸಿತು. ಸ್ಟಿನ್ಸನ್‌ನವರ ಎಲ್-5 ಇತ್ತು. ಆಮೇಲೆ ಸೆಸ್ನಾದ ಎಲ್-19 ಬರ್ಡ್ ಡಾಗ್ ಬಂತು. ಸೇನೆ ಅಂದ ಮೇಲೆ ಪುಸ್ತಕ ಬರೆಸದೆ ಬಿಡುತ್ತದೆಯೇ? ಹತ್ತೊಂಬತ್ತು ವರ್ಷದ ಹುಡುಗ ಟೆಂಟಿನಲ್ಲಿ ಕೂತು ರಿಪೇರಿ ಮಾಡಬೇಕು ಅಂತ ಬರೆದ ಪುಸ್ತಕಗಳವು. ಆ ಕಾಲದ ಕಬ್ ಮಾಲೀಕನಿಗೆ ಕಂಪನಿಯಿಂದ ಸಿಕ್ಕಿದ್ದು ತೆಳ್ಳಗಿನ ಕೈಪಿಡಿ ಅಷ್ಟೇ. ಸೈನಿಕನಿಗೆ ಸಿಕ್ಕಿದ್ದು ದಪ್ಪ ಪುಸ್ತಕ.

ಮರದ ಸ್ಪಾರ್ ಇರುವ ವಿಮಾನಕ್ಕೆ ಎಎನ್‌ಸಿ-18 ಮತ್ತು ಎಎನ್‌ಸಿ-19 ಅನ್ನುವ ಸರ್ಕಾರಿ ಪುಸ್ತಕಗಳೂ ಹೀಗೇ ಸಿಗುತ್ತವೆ. ಮರ ಎಂಥದ್ದಿರಬೇಕು, ಗೋಂದು ಹೇಗೆ ಹಚ್ಚಬೇಕು, ಜೋಡಣೆ ಎಷ್ಟು ಓರೆಯಾಗಿರಬೇಕು ಅಂತ ಬಡಗಿಯ ತಾಳ್ಮೆಯಲ್ಲಿ ಬರೆದಿದ್ದಾರೆ.

ಕ್ಲಬ್ಬು, ಮೆಕ್ಯಾನಿಕ್ಕು, ಅಂಗಡಿ

ಒಂದೊಂದು ತಳಿಯ ವಿಮಾನಕ್ಕೂ ಅಮೆರಿಕದಲ್ಲಿ ಮಾಲೀಕರ ಸಂಘ ಇದೆ. ಸದಸ್ಯತ್ವಕ್ಕೆ ಕಾಸು ಕೊಡಬೇಕು. ಆದರೆ ಅಲ್ಲಿ ಸಿಗುವುದು ಪುಸ್ತಕಕ್ಕಿಂತ ಜಾಸ್ತಿ. ಯಾವ ಪುಟ ತಪ್ಪು ಅಂತ ಹೇಳುವ ಮನುಷ್ಯ ಸಿಗುತ್ತಾನೆ. ಕಾಸು ಕೊಡುವ ದಾರಿಗಳಲ್ಲಿ ನನ್ನ ಪ್ರಕಾರ ಇದೇ ಅಗ್ಗ.

ಮೆಕ್ಯಾನಿಕ್ ಹತ್ತಿರ ಕೇಳುವುದು ಇನ್ನೂ ಅಗ್ಗ, ಆದರೆ ನಾಚಿಕೊಂಡು ಯಾರೂ ಕೇಳುವುದಿಲ್ಲ. ವರ್ಷದ ತಪಾಸಣೆಗೆ ಸಹಿ ಹಾಕುವವನ ಹತ್ತಿರ ಈಗಿನ ಪುಸ್ತಕ ಇರಲೇಬೇಕು, ಚಂದಾ ಕಟ್ಟಿಯೇ ಇಟ್ಟುಕೊಂಡಿರುತ್ತಾನೆ. ಅವನ ಮೇಲ್ವಿಚಾರಣೆಯಲ್ಲಿ ಮಾಲೀಕ ತಾನೇ ಕೈ ಹಾಕಿ ಕೆಲಸ ಮಾಡಲು ಅಮೆರಿಕದ ನಿಯಮ ಒಪ್ಪುತ್ತದೆ. ಹಾಗಿದ್ದಾಗ ಪುಸ್ತಕವೂ ಅಲ್ಲೇ, ಗುರುವೂ ಅಲ್ಲೇ.

ಕೊಳ್ಳುವುದಾದರೆ ಸೆಸ್ನಾ, ಬೀಚ್‌ಗೆ ಅವೆರಡರ ಈಗಿನ ಒಡೆಯರಾದ ಟೆಕ್‌ಸ್ಟ್ರಾನ್‌ನವರ ಚಂದಾ. ಕಬ್, ಏರೋಂಕಾ, ಎರ್ಕೂಪ್, ಸ್ಟಿನ್ಸನ್ 108ರಂಥ ಹಳಬರಿಗೆ ಕೊಲರಾಡೋದ ಯೂನಿವೇರ್. ಎರ್ಕೂಪ್ ಮತ್ತು ಸ್ಟಿನ್ಸನ್ 108ರ ಟೈಪ್ ಸರ್ಟಿಫಿಕೇಟೇ ಅವರ ಹತ್ತಿರ ಇದೆ, ಪುಸ್ತಕಗಳ ಮರುಮುದ್ರಣ ಮಾರುತ್ತಾರೆ.

ನಿಮ್ಮದು ಯಾವ ವಿಮಾನ?

ಕಬ್ ತರಹದ ಬಟ್ಟೆ ಹೊದಿಕೆಯ ವಿಮಾನ ಆದರೆ ಪುಕ್ಕಟೆ ಕಾಗದಗಳಲ್ಲೇ ಬಹುಪಾಲು ಕೆಲಸ ಆಗುತ್ತದೆ: ಎಫ್‌ಎಎಯ ಡೇಟಾ ಶೀಟ್ ಎ-691, 43.13, ಮಿಲಿಟರಿ ಪುಸ್ತಕ, ಕಾಂಟಿನೆಂಟಲ್‌ನ ಕಾಗದಗಳು. ವಿಮಾನವೂ ಸರಳ, ಬಚ್ಚಿಟ್ಟ ಮೂಲೆ ಕಮ್ಮಿ.

ಸೆಸ್ನಾ 150, 172, ಪೈಪರ್ ಚೆರೊಕಿ (ಪಿಎ-28) ಆದರೆ ಎಂಜಿನ್ನು, ಎಡಿ, ಡೇಟಾ ಶೀಟ್ ಪುಕ್ಕಟೆ ತಗೊಳ್ಳಿ. ಮೈಯ ಮ್ಯಾನ್ಯುಯಲ್‌ಗೆ ದುಡ್ಡು ಕೊಡಿ, ಇಲ್ಲವೇ ಕೊಟ್ಟವನ ಪಕ್ಕದಲ್ಲಿ ನಿಲ್ಲಿ. ಇಲ್ಲಿ ಜಿಪುಣತನ ಬೇಡ.

ಕಂಪನಿಯೇ ಮುಚ್ಚಿಹೋದ ಅನಾಥ ವಿಮಾನ ಆದರೆ ಇನ್ನೊಂದು ದಾರಿ ಇದೆ. ಟೈಪ್ ಸರ್ಟಿಫಿಕೇಟ್ ಮೂರು ವರ್ಷ ಇಲ್ಲವೇ ಅದಕ್ಕಿಂತ ಜಾಸ್ತಿ ನಿಷ್ಕ್ರಿಯವಾಗಿದ್ದು, ಹುಡುಕಿದರೂ ಅದರ ಒಡೆಯ ಸಿಗದಿದ್ದರೆ, ವಿಮಾನವನ್ನು ಸುಸ್ಥಿತಿಯಲ್ಲಿಡಲು ಕೇಳುವವರಿಗೆ ಎಫ್‌ಎಎ ತನ್ನ ಹತ್ತಿರ ಇರುವ ಎಂಜಿನಿಯರಿಂಗ್ ಕಾಗದ ಕೊಡಬಹುದು. ನಿಧಾನದ ದಾರಿ. ಆದರೆ ಸಿಕ್ಕರೆ ಮೂಲ ನಕ್ಷೆಯೇ ಸಿಗುತ್ತದೆ.

ನಮ್ಮೂರಿನ ಪುಷ್ಪಕದ ಮಾತು ಬಿಟ್ಟರೆ ಮನಸ್ಸು ಒಪ್ಪಲ್ಲ. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಎರಡು ಸೀಟಿನ, ಬಟ್ಟೆ ಹೊದಿಕೆಯ ವಿಮಾನ. 1958ರ ಸೆಪ್ಟೆಂಬರ್‌ನಲ್ಲಿ ಮೊದಲು ಹಾರಿತು, ಸುಮಾರು 160 ಕಟ್ಟಿದರು, ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಪೈಲಟ್‌ಗಳು ಅದರಲ್ಲೇ ಕಲಿತರು. ಅದರ ಮೈ ಅಮೆರಿಕದ ಏರೋಂಕಾ ಚೀಫ್ ಅನ್ನು ಹೋಲುತ್ತದೆ. ಎಂಜಿನ್ ಕಾಂಟಿನೆಂಟಲ್ ಸಿ90. ಈ ಸಿ90ಗೂ 150ರ ಓ-200ಗೂ ಕಾಂಟಿನೆಂಟಲ್‌ನವರ ಓವರ್‌ಹಾಲ್ ಪುಸ್ತಕ ಒಂದೇ. ಅಂದರೆ ಪುಷ್ಪಕದ ಎಂಜಿನ್ ಅರ್ಥ ಮಾಡಿಕೊಳ್ಳಲು ಒಹಾಯೋದ ಹುಡುಗ ಓದುವ ಪುಸ್ತಕವೇ ಸಾಕು. ಮೈಯ ವಿಷಯಕ್ಕೆ ಮಾತ್ರ ಚೀಫ್‌ನ ಪುಸ್ತಕ ಇಟ್ಟುಕೊಂಡು ಪುಷ್ಪಕ ಬಿಚ್ಚಬೇಡಿ, ಹೋಲಿಕೆ ಬೇರೆ, ನಕಲು ಬೇರೆ. ಹಾರಿಸುವ ಉದ್ದೇಶ ಇದ್ದರಂತೂ ನಮ್ಮ ವಿಮಾನಯಾನ ಇಲಾಖೆ ಡಿಜಿಸಿಎಯ ಸಿಎಆರ್-ಎಂ ಅನ್ನುವ ನಿಯಮ ಕೂಡ ಚಾಲ್ತಿಯಲ್ಲಿರುವ, ಆ ವಿಮಾನಕ್ಕೇ ಅನ್ವಯಿಸುವ ಕಾಗದವನ್ನೇ ಬಳಸಿ ಅನ್ನುತ್ತದೆ.

ಹುಡುಗನ ಫ್ಲ್ಯಾಪ್ ಏನಾಯಿತು ಅಂತ ಕೇಳುತ್ತೀರಿ. ಅವರ ಏರ್‌ಪೋರ್ಟಿನ ಮುದುಕ ಮೆಕ್ಯಾನಿಕ್ ಕಪಾಟಿನಿಂದ ದಪ್ಪ ಬೈಂಡರ್ ತೆಗೆದು, ಆ ಮಡಿಚಿದ ಹಾಳೆಯನ್ನು ರೆಕ್ಕೆಯ ಮೇಲೆ ಹರಡಿದನಂತೆ. ಹುಡುಗ ಫೋಟೋ ಕಳಿಸಿದ. ನನ್ನ ಪಿಡಿಎಫ್‌ನಲ್ಲಿ ಅಂಚಿಗೆ ಬಂದು ಮಾಯವಾಗಿದ್ದ ವೈರು ಬಲಗಡೆಯ ಅರ್ಧದಲ್ಲಿ ಮುಂದುವರಿದು, ಬಲ ರೆಕ್ಕೆಯೊಳಗಿನ ಫ್ಲ್ಯಾಪ್ ಮೋಟರ್ ಪಕ್ಕದ ಪುಟ್ಟ ಲಿಮಿಟ್ ಸ್ವಿಚ್ಚಿಗೆ ಹೋಗಿತ್ತು. ಅದರ ಮೇಲೆ ಮುದುಕನ ಎಣ್ಣೆ ಬೆರಳು.